17 ಕಂಪ್ಯೂಟರ್, 17 ಒಂದೇ ಥರದ ಬೆಕ್ಕು: ತರಗತಿಯಲ್ಲಿ ಸ್ಕ್ರ್ಯಾಚ್ ಮಾಡಿಸಿದ 10 ವಾರ

ಮಕ್ಕಳೇ ಆಟ, ಕಥೆ ಕಟ್ಟುವ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಸಾಧನದ ನಮ್ಮ ತರಗತಿ ಹೋದ ಶುಕ್ರವಾರ ಮುಗಿಯಿತು. ಏಳನೇ ತರಗತಿಯ 38 ಮಕ್ಕಳು, 10 ವಾರ, ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಲೆಕ್ಕದ ಪ್ರಕಾರ 20 ಪೀರಿಯಡ್ ಆಗಬೇಕಿತ್ತು, ಕೈಗೆ ಸಿಕ್ಕಿದ್ದು 15. ಉಳಿದ ಐದನ್ನು ಪರೀಕ್ಷೆ, ಕರೆಂಟು ಮತ್ತು ಒಂದು ಕಳೆದುಹೋದ ಬೀಗದ ಕೈ ತಿಂದುಹಾಕಿದವು.

ಶುರು ಮಾಡುವ ಮುಂಚೆ ನಾನೂ ಸಾಕಷ್ಟು ಹುಡುಕಿ ಓದಿದ್ದೆ. ಸಿಕ್ಕಿದ್ದೆಲ್ಲ ಮಕ್ಕಳ ಸೃಜನಶೀಲತೆ ಅರಳುತ್ತದೆ ಅನ್ನೋ ಮಾತುಗಳೇ. ಇನ್‌ಸ್ಟಾಲ್ ಮಾಡುವ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ, ಮಕ್ಕಳು ಮಾಡಿದ ಫೈಲ್ ಎಲ್ಲಿ ಹೋಗಿ ಕೂರುತ್ತದೆ, ಖಾಲಿ ಪರದೆ ನೋಡಿ ಒಂದು ಮಗು ಅಳೋಕೆ ಶುರು ಮಾಡಿದರೆ ಏನು ಮಾಡಬೇಕು, ಇದನ್ನೆಲ್ಲ ಯಾರೂ ಬರೆದಿರಲಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಗಣಿತ ಮೇಡಂ. ಹೋದ ವರ್ಷ ಒಂದು ಅಭ್ಯಾಸದ ಆ್ಯಪ್ ಬಳಸುತ್ತಿದ್ದೆ. ಸರಿ ಉತ್ತರಕ್ಕೆ ನಕ್ಷತ್ರ, ತಪ್ಪಿಗೆ ಟೊಂಯ್ ಅಂತ ಸದ್ದು. ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳು ಪ್ರಶ್ನೆ ಓದುವುದನ್ನೇ ಬಿಟ್ಟರು. ನಾಲ್ಕು ಆಯ್ಕೆಗಳನ್ನು ಮೇಲಿಂದ ಕೆಳಗೆ ಒತ್ತುತ್ತಾ ಹೋಗುವುದು, ಹಸಿರು ಬಂದರೆ ಮುಂದಕ್ಕೆ. ಕಂಪ್ಯೂಟರ್ ಇಟ್ಟುಕೊಂಡು ಇವರಿಗೆ ಊಹೆ ಮಾಡುವುದನ್ನು ಕಲಿಸುತ್ತಿದ್ದೀನಲ್ಲ ಅನ್ನಿಸಿತು. ಏನು ಮಾಡಬೇಕು ಅಂತ ತಾನೇ ಹೇಳದ ಒಂದು ಸಾಧನ ಬೇಕಿತ್ತು.

ನೋಡಿದ್ದು ಮೂರು. ಜಿಯೋಜಿಬ್ರಾ ರೇಖಾಗಣಿತಕ್ಕೆ ಬಹಳ ಚೆನ್ನಾಗಿದೆ, ಆದರೆ ಕಥೆ ಹೇಳಬೇಕು ಅಂದವರಿಗೆ ಅಲ್ಲಿ ಜಾಗ ಕಮ್ಮಿ. ಟಕ್ಸ್ ಪೇಂಟ್ ಚಿಕ್ಕ ಮಕ್ಕಳ ಚಿತ್ರಕ್ಕೆ ಸರಿ. ಮೂರನೆಯದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಕಟ್ಟಿ 2007ರಲ್ಲಿ ಎಲ್ಲರಿಗೂ ಬಿಟ್ಟಿದ್ದು, 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬಣ್ಣಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಅದೇ ಪ್ರೋಗ್ರಾಂ. ತೆರೆದ ಕೂಡಲೇ ಪರದೆಯ ಮೇಲೆ ಒಂದು ಬೆಕ್ಕು ಇರುತ್ತದೆ, ಬ್ಲಾಕ್ ಹೇಳಿದ ಹಾಗೆ ಅದು ಕೇಳುತ್ತದೆ. ಆಟ, ಕಥೆ, ಚಿತ್ರ, ಸಂಗೀತ ಏನು ಬೇಕಾದರೂ ಆಗುತ್ತದೆ. ಪೂರ್ತಿ ಉಚಿತ. ಅದನ್ನೇ ಆರಿಸಿದೆ. (ಒಂದನೇ, ಎರಡನೇ ತರಗತಿಯವರು ಕೇಳಿದರೆ ಸ್ಕ್ರ್ಯಾಚ್‌ಜೂನಿಯರ್ ಅಂತ ಬೇರೆಯದೇ ಇದೆ, 5ರಿಂದ 7 ವರ್ಷದವರಿಗೆ. ಅಲ್ಲಿ ಓದಲು ಬರಬೇಕೆಂದೇನೂ ಇಲ್ಲ.)

ಮೊದಲ ತೊಡಕು ಬಂದಿದ್ದು ಕಂಪ್ಯೂಟರ್‌ನಿಂದಲ್ಲ, ಕಾಗದದಿಂದ.

ಪಾಠಯೋಜನೆ ಕೊಡಿ ಅಂದರು. ಅದರಲ್ಲಿ ಕಲಿಕಾಫಲ ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ ಸಿಕ್ಕಿಬಿದ್ದೆ. ಪೀರಿಯಡ್ ಮುಗಿದಾಗ ಮಗು ಏನು ಮಾಡಿರುತ್ತದೆ ಅಂತ ಮೊದಲೇ ಬರೆಯಬೇಕು. ನನಗೆ ಬೇಕಾಗಿದ್ದು ಮಗು ಏನು ಮಾಡುತ್ತದೋ ನನಗೇ ಗೊತ್ತಿಲ್ಲದ ಪೀರಿಯಡ್. ಮೊದಲ ಸಲ "ಸೃಜನಶೀಲತೆ ಬೆಳೆಯುತ್ತದೆ" ಅಂತ ಬರೆದೆ. ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು, ಅಳೆಯುವಂತಿರಬೇಕು ಅಂತ. ಎರಡನೇ ಸಲ "ಬೆಕ್ಕು ಚೆಂಡು ಹಿಡಿಯುವ ಆಟ ತಯಾರಿಸುವರು" ಅಂತ ಬರೆದೆ. ಕೂಡಲೇ ಒಪ್ಪಿಗೆ ಸಿಕ್ಕಿತು. ಆ ಒಂದು ಸಾಲು ಮುಂದೆ ಎಷ್ಟು ಕಾಟ ಕೊಟ್ಟಿತು ಅಂತ ಆಮೇಲೆ ಹೇಳುತ್ತೇನೆ. ಮೂರನೇ ವಾರದಲ್ಲಿ ನಾನೇ ಹೋಗಿ ಬದಲಾಯಿಸಿದೆ: "ತಾವೇ ಆರಿಸಿದ ಒಂದನ್ನು ಮಾಡಿ, ಅದರಲ್ಲಿ ಏನನ್ನು ಬದಲಿಸಿದೆವು, ಯಾಕೆ ಬದಲಿಸಿದೆವು ಎಂದು ಎರಡು ವಾಕ್ಯದಲ್ಲಿ ಹೇಳುವರು." ಇದಕ್ಕೂ ಒಪ್ಪಿಗೆ ಬಂತು. ಅಳೆಯೋಕೂ ಆಗುತ್ತದೆ, ಮಕ್ಕಳ ಕೈಯನ್ನೂ ಕಟ್ಟುವುದಿಲ್ಲ. ನೀವು ಶುರುವಿನಿಂದಲೇ ಹೀಗೆ ಬರೆದರೆ ನನ್ನ ಎರಡು ವಾರ ನಿಮಗೆ ಉಳಿಯುತ್ತದೆ.

ಎರಡನೇ ಕಾಗದ ಪೋಷಕರ ಒಪ್ಪಿಗೆ ಪತ್ರ. ಸ್ಕ್ರ್ಯಾಚ್ ತಾಣದಲ್ಲಿ ಮಕ್ಕಳ ಹೆಸರಿನಲ್ಲಿ ಆನ್‌ಲೈನ್ ಖಾತೆ ಮಾಡುವುದಾದರೆ ಇದು ಬೇಕೇ ಬೇಕು. 38 ಕೊಟ್ಟೆ, ಮೊದಲ ವಾರ ಬಂದಿದ್ದು 27. ಇನ್ನೊಂದಷ್ಟು ಬ್ಯಾಗಿನ ತಳದಲ್ಲಿ ಮುದ್ದೆಯಾಗಿ ಸಿಕ್ಕಿದವು. ಇಬ್ಬರು ಪೋಷಕರು ಖಾತೆ ಬೇಡ ಅಂದರು. ಬೇಡ ಅಂದರೆ ಬೇಡ, ಮಗು ಆಫ್‌ಲೈನಿನಲ್ಲೇ ಎಲ್ಲವನ್ನೂ ಮಾಡಬಹುದು. ಆ ಮಾತನ್ನು ಪತ್ರದಲ್ಲೇ ಬರೆದುಬಿಡಿ. ಖಾತೆ ಇಲ್ಲದಿದ್ದರೆ ನಮ್ಮ ಮಗು ಹಿಂದೆ ಬೀಳುತ್ತೇನೋ ಅಂತ ಅವರಿಗೆ ದಿಗಿಲಾಗುವುದು ಸಹಜ.

ಇನ್ನು ಲ್ಯಾಬ್. 20 ಕಂಪ್ಯೂಟರ್ ಅಂತ ರಿಜಿಸ್ಟರಿನಲ್ಲಿ ಇದೆ. ಆನ್ ಆಗಿದ್ದು 17. ಹಾಗಾಗಿ ಇಬ್ಬಿಬ್ಬರ 13 ತಂಡ, ಮೂವರ 4 ತಂಡ. ಸಾಫ್ಟ್‌ವೇರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಲ್ಯಾಬ್ ನೋಡಿಕೊಳ್ಳುವ ಸರ್ ಹತ್ತಿರವೂ ಇರಲಿಲ್ಲ. ಯಂತ್ರ ಹಾಕಿಕೊಟ್ಟವರ ಹತ್ತಿರ ಇತ್ತು. ಫೋನ್ ಮಾಡಿದರೆ ನಾಳೆ, ಮತ್ತೆ ಮಾಡಿದರೆ ಸೋಮವಾರ. ಎಂಟು ದಿನ ಕಾದೆ. ಬಂದವರು 20 ನಿಮಿಷದಲ್ಲಿ ಹಾಕಿ ಹೋದರು.

ಅಷ್ಟು ದಿನ ಸುಮ್ನೆ ಕೂರುವುದೇಕೆ ಅಂತ ಶಿಕ್ಷಕರ ಖಾತೆಗೆ ಅರ್ಜಿ ಹಾಕಿದೆ. ಇದು ಒಂದು ನಿಮಿಷದಲ್ಲಿ ಸಿಗುವಂಥದ್ದಲ್ಲ. ನೀವು ನಿಜವಾಗಿಯೂ ಪಾಠ ಮಾಡುವವರೇ ಅಂತ ಸ್ಕ್ರ್ಯಾಚ್ ಕಡೆಯವರು ನೋಡಿ ಒಪ್ಪಬೇಕು. ನನಗೆ ಎರಡು ದಿನ ಹಿಡಿಯಿತು. ಅದಕ್ಕೂ ಮೊದಲು ಇಮೇಲ್ ಖಚಿತ ಮಾಡಬೇಕು. ಆ ಮೇಲ್ ಸ್ಪ್ಯಾಮಿನಲ್ಲಿ ಬಿದ್ದಿತ್ತು, ನಾನು ನೋಡದೇ ಒಂದು ದಿನ ದಂಡ ಮಾಡಿಕೊಂಡೆ. ಖಾತೆ ಬಂದ ಮೇಲೆ ಒಳ್ಳೆಯ ಸುದ್ದಿ ಏನಂದರೆ ಮಕ್ಕಳಿಗೆ ಇಮೇಲ್ ಬೇಡ. ನಾವೇ ಬಳಕೆದಾರ ಹೆಸರು ಮಾಡಿ ಕೊಡಬಹುದು, ಪಾಸ್‌ವರ್ಡ್ ಮರೆತರೆ ನಾವೇ ಬದಲಿಸಬಹುದು. ಮರೆಯುತ್ತಾರೆ, ವಾರಕ್ಕೆ ನಾಲ್ಕೈದು ಜನ ಗ್ಯಾರಂಟಿ.

ನಾನು ಎಡವಿದ್ದು ಇಲ್ಲಿ. ಆರು ಮಕ್ಕಳು ಮನೆಯಲ್ಲಿ ಮೊದಲೇ ತಮ್ಮದೇ ಖಾತೆ ಮಾಡಿಕೊಂಡಿದ್ದರು. ಅವನ್ನೇ ತಾಣದಲ್ಲಿನ ನನ್ನ ತರಗತಿಗೆ ಸೇರಿಸಿಕೊಂಡರಾಯಿತು ಅಂದುಕೊಂಡಿದ್ದೆ. ಆಗುವುದಿಲ್ಲ. ತರಗತಿಗೆ ಹೊಸ ಖಾತೆಯೇ ಬೇಕು. ನಿಯಮ ಬರೆದೇ ಇದೆ, ನಾನು ಓದಿರಲಿಲ್ಲ. "ನನ್ನ ಹಳೇ ಖಾತೇಲಿ 40 ಫಾಲೋವರ್ಸ್ ಇದಾರೆ ಮಿಸ್" ಅಂತ ಒಬ್ಬ ಮುಖ ಊದಿಸಿಕೊಂಡು ಎರಡು ದಿನ ಮಾತಾಡಲಿಲ್ಲ. ಇನ್ನೊಂದು ವಿಷಯ: ಬಳಕೆದಾರ ಹೆಸರಿನಲ್ಲಿ ಮಗುವಿನ ನಿಜವಾದ ಹೆಸರು, ಶಾಲೆಯ ಹೆಸರು ಬರಬಾರದು. ಮಕ್ಕಳಿಗೇ ಆರಿಸಿ ಅಂದರೆ ಅರ್ಧ ಪೀರಿಯಡ್ ಹೋಗುತ್ತದೆ, ಯಾಕೆಂದರೆ ಚೆನ್ನಾಗಿರುವ ಹೆಸರೆಲ್ಲ ಯಾರೋ ತೆಗೆದುಕೊಂಡಾಗಿರುತ್ತದೆ. ನಾನು ಕೊನೆಗೆ ಒಂದು ಹೂವಿನ ಹೆಸರು, ಮುಂದೆ ನಾಲ್ಕು ಅಂಕಿ ಅಂತ ಮಾಡಿ ಕೊಟ್ಟೆ. ಮಕ್ಕಳಿಗೆ ಇಷ್ಟವಾಗಲಿಲ್ಲ, ಕೆಲಸ ನಡೆಯಿತು.

ಈಗ ಯೋಚಿಸಿದರೆ ಖಾತೆಗಳಿಗೆ ಅಷ್ಟು ಮೊದಲೇ ಕೈ ಹಾಕಬಾರದಿತ್ತು. ಮೊದಲ ನಾಲ್ಕು ವಾರ ಆಫ್‌ಲೈನ್ ಆ್ಯಪ್ ಸಾಕೇ ಸಾಕು.

ಮೊದಲ ಪೀರಿಯಡ್. ಪಾಠಯೋಜನೆಯಲ್ಲಿ ಬರೆದಿದ್ದೆನಲ್ಲ, ಬೆಕ್ಕು ಚೆಂಡು ಹಿಡಿಯುವ ಆಟ. ಪ್ರೊಜೆಕ್ಟರಿನಲ್ಲಿ ಒಂದೊಂದೇ ಬ್ಲಾಕ್ ತೋರಿಸಿದೆ, ಮಕ್ಕಳು ಒಂದೊಂದೇ ಇಟ್ಟರು. ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ 17 ಪರದೆಯಲ್ಲೂ ಬೆಕ್ಕು ಓಡುತ್ತಿತ್ತು. ಖುಷಿಯೋ ಖುಷಿ. ಫೋಟೋ ತೆಗೆದು ಸ್ಟಾಫ್ ಗ್ರೂಪಿಗೆ ಹಾಕಿದೆ. ಚಪ್ಪಾಳೆಗಳ ನಡುವೆ ಚಿತ್ರಕಲೆ ಸರ್ ಒಂದೇ ಸಾಲು ಬರೆದರು: "ಎಲ್ಲಾ ಒಂದೇ ಥರ ಇದೆಯಲ್ಲ ಮೇಡಂ?"

ಫೋಟೋ ದೊಡ್ಡದು ಮಾಡಿ ನೋಡಿದೆ. ನಿಜ. ಒಂದೇ ಬೆಕ್ಕು, ಒಂದೇ ಚೆಂಡು, ಒಂದೇ ನೀಲಿ ಹಿನ್ನೆಲೆ. ಆಯ್ಕೆಗೆ ನೂರಾರು ಪಾತ್ರಗಳಿದ್ದರೂ ಯಾರೂ ಬೇರೆಯದನ್ನು ತೆಗೆದಿರಲಿಲ್ಲ. ನಾನು ಬಳಸಿದ್ದ ವೇಗದ ಅಂಕಿ 10, ಎಲ್ಲರದ್ದೂ 10. ತೆರೆದ ಸಾಧನ ಅಂತ ತಂದು ಅದನ್ನು ಉಕ್ತಲೇಖನ ಮಾಡಿಸಿದ್ದೆ.

ಮುಂದಿನ ವಾರ ಹಟಕ್ಕೆ ಬಿದ್ದು ಪೂರ್ತಿ ಉಲ್ಟಾ ಹೊಡೆದೆ. "ಇವತ್ತು ಏನೂ ತೋರಿಸಲ್ಲ. ನಿಮಗೆ ಇಷ್ಟ ಬಂದಿದ್ದು ಮಾಡಿ." ನನಗೆ ಅದು ದೊಡ್ಡ ಉದಾರತೆ ಅನ್ನಿಸಿತ್ತು. ಮಕ್ಕಳಿಗೆ ಅದು ಶಿಕ್ಷೆ. 40 ನಿಮಿಷದಲ್ಲಿ "ಮಿಸ್, ಏನು ಮಾಡ್ಬೇಕು ಹೇಳಿ" ಅನ್ನೋ ಪ್ರಶ್ನೆ ಎಷ್ಟು ಸಲ ಬಂತೋ. ಮೂರು ತಂಡ ಬೆಕ್ಕಿಗೆ ಬಣ್ಣ ಹಚ್ಚುವುದರಲ್ಲೇ ಪೀರಿಯಡ್ ಮುಗಿಸಿದವು. ಎರಡು ತಂಡ ಹಿಂದಿನ ವಾರದ ಆಟವನ್ನೇ ಮತ್ತೆ ಮಾಡಿದವು. ಯಾವತ್ತೂ ಮೊದಲ ರ‍್ಯಾಂಕ್ ಬರುವ ಹುಡುಗಿ, ಲೆಕ್ಕ ತಪ್ಪೇ ಮಾಡದವಳು, ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದಳು. ಯಾಕಮ್ಮ ಅಂದರೆ, "ಯಾವುದು ಸರಿ ಅಂತ ಗೊತ್ತಾಗ್ತಿಲ್ಲ ಮಿಸ್." ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಇದನ್ನು ನಿಲ್ಲಿಸಿಬಿಡೋಣ ಅಂತಲೂ ಬಂತು ಮನಸ್ಸಿಗೆ.

ದಾರಿ ಸಿಕ್ಕಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದವರು ಸ್ಕ್ರ್ಯಾಚ್ ಕಲಿಸುವವರಿಗೆಂದೇ ಮಾಡಿ ಉಚಿತವಾಗಿ ಇಟ್ಟಿರುವ ಕೈಪಿಡಿಯಲ್ಲಿ. ಅದರಲ್ಲಿ ಒಂದು ಚಟುವಟಿಕೆ ಇದೆ: ಹತ್ತೇ ಹತ್ತು ಬ್ಲಾಕ್ ಕೊಡುವುದು. ಹೋಗು, ಜಾರು, ಹೇಳು, ಕಾಣಿಸು, ಅಡಗು, ಗಾತ್ರ ಬದಲಿಸು, ಸದ್ದು, ಕಾಯಿ, ಪುನರಾವರ್ತಿಸು, ಕ್ಲಿಕ್ ಮಾಡಿದಾಗ. ಇಷ್ಟರಲ್ಲೇ ಏನಾದರೂ ಮಾಡಬೇಕು. ಬೇರೆ ಬ್ಲಾಕ್ ಮುಟ್ಟುವಂತಿಲ್ಲ, ಆದರೆ ಈ ಹತ್ತನ್ನು ಎಷ್ಟು ಸಲ ಬೇಕಾದರೂ ಬಳಸಬಹುದು.

ನಾನು ಮಾಡಿದ ಒಂದು ಬದಲಾವಣೆ ಅಂದರೆ ಮಾದರಿ ತೋರಿಸದೇ ಇದ್ದದ್ದು. ಹತ್ತು ಬ್ಲಾಕಿನ ಹೆಸರು ಬೋರ್ಡ್ ಮೇಲೆ ಬರೆದು ಹಿಂದಕ್ಕೆ ಹೋಗಿ ಕುಳಿತೆ.

ಒಂದು ತಂಡದ್ದನ್ನು ಪೂರ್ತಿ ಹೇಳಬೇಕು. ಬೆಕ್ಕು ಅಡಗಬೇಕು, ಕ್ಲಿಕ್ ಮಾಡಿದರೆ ಕಾಣಿಸಬೇಕು ಅಂತ ಅವರ ಆಸೆ. ಹೈಡ್ ಹಾಕಿದರು. ಬೆಕ್ಕು ಮಾಯ. ಅದಿದ್ದ ಜಾಗದಲ್ಲಿ ಕ್ಲಿಕ್ ಮಾಡಿದರು. ಏನೂ ಇಲ್ಲ. ಮತ್ತೆ ಮಾಡಿದರು, ಮೌಸ್ ಕುಟ್ಟಿದರು. ಸ್ಕ್ರ್ಯಾಚ್‌ನಲ್ಲಿ ಅಡಗಿದ ಪಾತ್ರಕ್ಕೆ ಕ್ಲಿಕ್ ತಾಗುವುದೇ ಇಲ್ಲ. ನನಗೆ ಗೊತ್ತಿತ್ತು, ಹೇಳಲು ಬಾಯಿ ತುರಿಸುತ್ತಿತ್ತು. ಕುರ್ಚಿಯ ಅಂಚು ಹಿಡಿದುಕೊಂಡು ಕೂತೆ. ಹತ್ತು ನಿಮಿಷ ಆದ ಮೇಲೆ ಅವರಲ್ಲೊಬ್ಬ, "ಅಡಗಿಸೋದೇ ಬೇಡ ಕಣೋ, ಚಿಕ್ಕದು ಮಾಡಿಬಿಡೋಣ" ಅಂದ. ಗಾತ್ರ 10 ಅಂತ ಹಾಕಿದರು. ಬೆಕ್ಕು ಕಡಲೆಕಾಳಿನಷ್ಟಾಯಿತು. ಹಿನ್ನೆಲೆಗೆ ಕಾಡಿನ ಚಿತ್ರ ಹಾಕಿ ಎಲೆಯ ಮಧ್ಯೆ ಇಟ್ಟರು. ಸಿಕ್ಕರೆ ದೊಡ್ಡದಾಗಿ "ಮಿಯಾಂವ್". ಪೀರಿಯಡ್ ಮುಗಿಯುವಾಗ ಪಕ್ಕದ ಮೂರು ತಂಡದವರು ಅವರ ಪರದೆಗೆ ಮುಖ ಅಂಟಿಸಿಕೊಂಡು ಬೆಕ್ಕು ಹುಡುಕುತ್ತಿದ್ದರು. ನಾನು ಹತ್ತು ನಿಮಿಷ ಮುಂಚೆ ಬಾಯಿ ಬಿಟ್ಟಿದ್ದರೆ ಆ ಆಟವೇ ಹುಟ್ಟುತ್ತಿರಲಿಲ್ಲ.

ಅವತ್ತು 17 ಪರದೆಯಲ್ಲಿ 17 ಬೇರೆಬೇರೆ ಸಂಗತಿ ಇತ್ತು. ನಾಲ್ಕೈದು ತೀರಾ ಸಾಧಾರಣ, ಅದನ್ನೂ ಹೇಳಬೇಕು. ಅತ್ತಿದ್ದ ಹುಡುಗಿ ಈ ಸಲ ಅಳಲಿಲ್ಲ. ಮುಗಿಸಿದಳು, ಖುಷಿ ಅಂತೇನೂ ಕಾಣಲಿಲ್ಲ.

ಬಾಯಿ ಮುಚ್ಚಿಕೊಂಡಿರುವುದು ಕಲಿತೆ ಅಂದುಕೊಂಡಿದ್ದೆ. ಐದನೇ ವಾರ ಮತ್ತೆ ಎಡವಿದೆ.

ಬಹುಭುಜಗಳ ಪಾಠ ನಡೆಯುತ್ತಿತ್ತು. ಬೆಕ್ಕು ಹೋದಲ್ಲೆಲ್ಲ ಗೆರೆ ಎಳೆಯುವ ಪೆನ್ ಬ್ಲಾಕ್‌ಗಳಿಂದ ಆಕಾರ ಬರೆಸೋಣ ಅಂತ ಹೊರಟೆ. ಪೆನ್ನೇ ಸಿಗಲಿಲ್ಲ! ನಾನು ಕಲಿತಿದ್ದು ಹಳೇ ಆವೃತ್ತಿಯಲ್ಲಿ, ಅಲ್ಲಿ ಪೆನ್ ಉಳಿದ ಬ್ಲಾಕ್‌ಗಳ ಸಾಲಿನಲ್ಲೇ ಇರುತ್ತಿತ್ತು. 2019ರ ಜನವರಿಯಲ್ಲಿ ಬಂದ 3.0ರಿಂದ ಅದು ಎಕ್ಸ್‌ಟೆನ್ಷನ್. ಕೆಳಗೆ ಎಡ ಮೂಲೆಯ ಗುಂಡಿ ಒತ್ತಿ ಸೇರಿಸಿಕೊಳ್ಳಬೇಕು. ಇದು ಗೊತ್ತಾಗುವಷ್ಟರಲ್ಲಿ ಅರ್ಧ ಪೀರಿಯಡ್ ಖಲಾಸ್. ಹಿಂದಿನ ದಿನ ಒಮ್ಮೆ ಮಾಡಿ ನೋಡಿಕೊಳ್ಳಿ, ಅದೇ ಯಂತ್ರದಲ್ಲಿ, ಅದೇ ಆವೃತ್ತಿಯಲ್ಲಿ.

ಮುಂದಿನ ಪೀರಿಯಡ್‌ನಲ್ಲಿ ತ್ರಿಭುಜ ಬರೆಯಿರಿ ಅಂದೆ. ಸಮಬಾಹು ತ್ರಿಭುಜದ ಕೋನ 60 ಅಂತ ಎಲ್ಲರಿಗೂ ಬಾಯಿಪಾಠ. 60 ಡಿಗ್ರಿ ತಿರುಗು ಅಂದರು. ತ್ರಿಭುಜ ಮುಚ್ಚಲೇ ಇಲ್ಲ. ಆರು ಸಲ ಮಾಡಿದರೆ ಷಡ್ಭುಜ ಬಂತು. ಬೆಕ್ಕು ತಿರುಗುವುದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು, 120. ನಾಲ್ಕು ಮಕ್ಕಳು ಎದ್ದು ನೆಲದ ಮೇಲೆ ತ್ರಿಭುಜದ ಹಾಗೆ ನಡೆದು, ಮೂಲೆಯಲ್ಲಿ ತಾವು ಎಷ್ಟು ತಿರುಗುತ್ತೇವೆ ಅಂತ ನೋಡಿಕೊಂಡರು. ಹೊರಕೋನ ಅಂತ ನಾನು ಬೋರ್ಡ್ ಮೇಲೆ ಎಷ್ಟು ವರ್ಷ ಬರೆದಿದ್ದೇನೆ. ಕಾಲಿಗೆ ಅರ್ಥವಾಗಿದ್ದು ಅವತ್ತೇ. ಇದು ಹೊಸ ಉಪಾಯವೇನೂ ಅಲ್ಲ. 1967ರಲ್ಲಿ ಗಣಿತಜ್ಞ ಸೀಮೂರ್ ಪ್ಯಾಪರ್ಟ್ ಮತ್ತವರ ಸಂಗಡಿಗರು ಮಕ್ಕಳಿಗೆಂದು ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಗೆರೆ ಎಳೆಯುತ್ತಾ ಹೋಗುವ ಅದರ ಆಮೆ ಆಮೇಲೆ ಬಂತು. ಅದರ ಮುಂದಿನ ತಲೆಮಾರೇ ಈ ಬೆಕ್ಕು.

ಕೊನೆಯ ಸಾಲಿನ ಒಬ್ಬ ಹುಡುಗ ಷಡ್ಭುಜ ಬರೆಯುತ್ತಿದ್ದ. 60ರ ಬದಲು 61 ಒತ್ತಿದ್ದ. ಕೊನೆಯ ಗೆರೆ ಮೊದಲಿನದಕ್ಕೆ ಸೇರಲಿಲ್ಲ, ಒಂದು ಚೂರು ವಾರೆ. ನಾನು ಹಿಂದಿನಿಂದ ಬಗ್ಗಿ, ಅವನ ಮೌಸ್ ತೆಗೆದುಕೊಂಡು, 60 ಮಾಡಿ, "ಈಗ ಸರಿ ಆಯ್ತು" ಅಂತ ಹೇಳಿ ಮುಂದೆ ಹೋದೆ. ಕೈ ತಾನಾಗೇ ಹೋಯಿತು, ಇಷ್ಟು ವರ್ಷದ ಅಭ್ಯಾಸ.

ಹದಿನೈದು ನಿಮಿಷ ಬಿಟ್ಟು ತಿರುಗಿ ಬಂದರೆ ಅವನ ಪರದೆಯ ಮೇಲೆ ಒಂದು ದೊಡ್ಡ ಜರಡಿಯಂಥ ಬಳೆ. ನೂರಾರು ಗೆರೆ, ಒಂದರ ಮೇಲೊಂದು. ನಾನು ಆ ಕಡೆ ಹೋದ ಕೂಡಲೇ ಅವನು 61 ವಾಪಸ್ ಹಾಕಿದ್ದ. ರಿಪೀಟ್ 6 ಇದ್ದದ್ದನ್ನು 100 ಮಾಡಿದ, ಆಮೇಲೆ 360. ಪ್ರತಿ ಸುತ್ತಿಗೆ ಷಡ್ಭುಜ 6 ಡಿಗ್ರಿ ಹೊರಳುತ್ತಾ ಹೋಗಿ, 360ನೇ ಗೆರೆಗೆ ಸರಿಯಾಗಿ ಶುರುವಾದಲ್ಲಿಗೇ ಬಂದು ನಿಂತಿತ್ತು. ಯಾಕೆ 360ಕ್ಕೇ ನಿಲ್ಲುತ್ತೆ ಅಂತ ಅವನು ಕೇಳಿದ. ನಾನು ಮನೆಗೆ ಹೋಗಿ ಕಾಗದದ ಮೇಲೆ ಬಿಡಿಸಿ ನೋಡಬೇಕಾಯಿತು: 61ಕ್ಕೂ 360ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲ, ಅದಕ್ಕೆ. ಮಾರನೇ ದಿನ ಅರ್ಧ ತರಗತಿ 59, 89, 91, 119 ಅಂತ ಹಾಕಿ ನೋಡುತ್ತಿತ್ತು. 59 ಹಾಕಿದರೆ ಅದೇ ಬಳೆ ಉಲ್ಟಾ ದಿಕ್ಕಿಗೆ ಹೊರಳುತ್ತದೆ. ಮೌಸ್ ಕಸಿದುಕೊಂಡಿದ್ದಕ್ಕೆ ಅವನ ಹತ್ತಿರ ಸಾರಿ ಕೇಳಿದೆ. "ಪರವಾಗಿಲ್ಲ ಮಿಸ್" ಅಂದ, ಪರದೆಯಿಂದ ಕಣ್ಣು ತೆಗೆಯದೆ.

ಅಲ್ಲಿಂದ ನನಗೊಂದು ನಿಯಮ ಮಾಡಿಕೊಂಡೆ, ಲ್ಯಾಬಿನಲ್ಲಿ ಎರಡೂ ಕೈ ಬೆನ್ನ ಹಿಂದೆ. ಮಕ್ಕಳಿಗೂ ಹೇಳಿದೆ, ನಾನು ಮೌಸ್ ಮುಟ್ಟಿದರೆ ಕೂಗಿ ಅಂತ. ಮೂರು ಸಲ ಕೂಗಿಸಿಕೊಂಡಿದ್ದೇನೆ.

ಈಗ ಫೈಲ್‌ಗಳ ಗೋಳು. ಆರನೇ ವಾರದ ಸೋಮವಾರ ಲ್ಯಾಬಿಗೆ ಹೋದರೆ ಒಂದು ಫೈಲೂ ಇಲ್ಲ. ಯಂತ್ರ ಆಫ್ ಮಾಡಿ ಆನ್ ಮಾಡಿದರೆ ಮಕ್ಕಳು ಸೇರಿಸಿದ್ದೆಲ್ಲ ಅಳಿಸಿಹೋಗುವ ವ್ಯವಸ್ಥೆಯನ್ನು ವೈರಸ್ ಭಯಕ್ಕೆ ಯಾರೋ ಮತ್ತೆ ಚಾಲೂ ಮಾಡಿದ್ದರು. ಎರಡು ವಾರದ ಕೆಲಸ ಹೋಯಿತು. ಪುಣ್ಯಕ್ಕೆ ಕೆಲವು ನನ್ನ ಪೆನ್ ಡ್ರೈವಿನಲ್ಲಿದ್ದವು. ತೆಗೆದು ನೋಡಿದರೆ ಎಲ್ಲದರ ಹೆಸರೂ "ಸ್ಕ್ರ್ಯಾಚ್ ಪ್ರಾಜೆಕ್ಟ್", ಮುಂದೆ ಬ್ರಾಕೆಟ್ಟಿನಲ್ಲಿ 1, 2, 3. ಯಾವುದು ಯಾರದ್ದು? ಭಾನುವಾರ ಇಡೀ ದಿನ ಒಂದೊಂದೇ ತೆರೆದು ಗುರುತು ಹಿಡಿದೆ.

ಹಾಗಾಗಿ ಮೊದಲ ದಿನವೇ ಎರಡು ಕೆಲಸ ಮಾಡಿ. ಒಂದು ಸುಮ್ಮನೆ ಫೈಲ್ ಸೇವ್ ಮಾಡಿ, ಯಂತ್ರ ಆಫ್ ಮಾಡಿ, ಆನ್ ಮಾಡಿ, ಫೈಲ್ ಇದೆಯಾ ನೋಡಿ. ಮತ್ತೆ, ಹೆಸರಿಡುವ ಕ್ರಮ ಬೋರ್ಡಿನ ಮೂಲೆಯಲ್ಲಿ ಕಾಯಂ ಬರೆದಿಡಿ. ನಮ್ಮದು ತಂಡದ ಸಂಖ್ಯೆ, ವಾರದ ಸಂಖ್ಯೆ. ಪೀರಿಯಡ್ ಮುಗಿಯಲು 5 ನಿಮಿಷ ಇರುವಾಗ ಎಲ್ಲರೂ ಸೇವ್, ಒಬ್ಬರು ಪೆನ್ ಡ್ರೈವ್ ಹಿಡಿದು ಸುತ್ತುವುದು. ಬ್ರೌಸರಿನಲ್ಲಿ ಲಾಗಿನ್ ಆಗದೇ ಕೆಲಸ ಮಾಡುತ್ತಿದ್ದರೆ ಇನ್ನೂ ಹುಷಾರು, ಟ್ಯಾಬ್ ಮುಚ್ಚಿದರೆ ಮುಗಿಯಿತು.

ಖರ್ಚಿನ ವಿಷಯ ಬಹಳ ಜನ ಕೇಳಿದರು. ಸಾಫ್ಟ್‌ವೇರಿಗೆ ಏನೂ ಇಲ್ಲ. ನಾನು ಕೈಯಿಂದ ಹಾಕಿದ್ದು ಎರಡು ಪೆನ್ ಡ್ರೈವ್ ಮತ್ತು ಒಂದಷ್ಟು ಇಯರ್‌ಫೋನ್. ಇಯರ್‌ಫೋನ್ ಇಲ್ಲದೇ ಸದ್ದಿನ ಬ್ಲಾಕ್ ಕಲಿಸಬೇಡಿ. 17 ಬೆಕ್ಕು ಒಟ್ಟಿಗೆ ಕೂಗಿದ ದಿನ ಪಕ್ಕದ ತರಗತಿಯಿಂದ ದೂರು ಬಂತು. ನಿಜವಾದ ಖರ್ಚು ಸಮಯ. ಶುರುವಿನ ಎರಡು ವಾರ ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ, ಆಮೇಲೆ ವಾರಕ್ಕೆ ಎರಡು ಗಂಟೆ. ಅದು ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ.

ಪೋಷಕರ ಸಭೆಯಲ್ಲಿ ಒಬ್ಬ ತಂದೆ, "ಗಣಿತದ ಪೀರಿಯಡ್‌ನಲ್ಲಿ ಗೇಮ್ ಆಡಿಸ್ತೀರಂತೆ?" ಅಂತ ನೇರವಾಗಿಯೇ ಕೇಳಿದರು. ನಾನು ಏನೇನೋ ತಡವರಿಸಿದೆ. ಅವರ ಮಗಳೇ ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದಳು. ಬೆಕ್ಕು ಓಡಾಡುವ ವೇದಿಕೆಯ ಅಗಲ 480, ಎತ್ತರ 360, ನಡುವೆ ಸೊನ್ನೆ, ಬಲಕ್ಕೆ 240ರವರೆಗೆ, ಎಡಕ್ಕೆ ಮೈನಸ್ 240ರವರೆಗೆ. "ಎಡಕ್ಕೆ ಹೋಗಬೇಕಂದ್ರೆ ಮೈನಸ್ ಹಾಕ್ಬೇಕು ಅಪ್ಪ, ಇಲ್ಲಾಂದ್ರೆ ಬರಲ್ಲ." ಅವರು ಎರಡು ಮೂರು ಅಂಕಿ ತಾವೇ ಹಾಕಿ ನೋಡಿದರು. ಎದ್ದು ನಿಂತು, "ಚೆನ್ನಾಗಿದೆ. ಪರೀಕ್ಷೆಗೆ ಉಪಯೋಗ ಆಗುತ್ತಾ?" ಅಂದರು. ಋಣ ಸಂಖ್ಯೆಗೆ, ಕೋನಕ್ಕೆ ಆಗುತ್ತದೆ ಅಂದೆ. ಉಳಿದಿದ್ದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ.

ಕಾಪಿ ಜಗಳ ಏಳನೇ ವಾರ ಶುರು. "ಮಿಸ್, ಅವರು ನಮ್ಮ ಬೆಕ್ಕು ಹುಡುಕೋ ಆಟ ಕದ್ದರು." ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಬೇಡಿ ಅಂತ ಹೇಳಿ ಹೇಳಿ ಬೆಳೆಸಿದ್ದೇವೆ, ಈಗ ನೋಡಿ ಅಂದರೆ ಹೇಗೆ? ಸ್ಕ್ರ್ಯಾಚ್ ತಾಣದಲ್ಲಿ ಇದಕ್ಕೆ ರೀಮಿಕ್ಸ್ ಅಂತಾರೆ. ಹಂಚಿಕೊಂಡಿದ್ದನ್ನು ಯಾರು ಬೇಕಾದರೂ ತೆಗೆದುಕೊಂಡು ಬದಲಿಸಬಹುದು, ಮೂಲ ಯಾರದ್ದು ಅಂತ ಅದೇ ತೋರಿಸುತ್ತದೆ. ನಾವು ಆಫ್‌ಲೈನಿನಲ್ಲಿ ಅದನ್ನೇ ಚೀಟಿಯಲ್ಲಿ ಮಾಡಿದೆವು: ಯಾರಿಂದ ತಗೊಂಡೆ, ಏನು ಬದಲಿಸಿದೆ. ಏನೂ ಬದಲಿಸದಿದ್ದರೆ ಅದು ಕಾಪಿ. ಮೊದಲು ದೂರು ಕೊಟ್ಟವರೇ ಆಮೇಲೆ ತಮ್ಮ ಹೆಸರು ಎಷ್ಟು ಚೀಟಿಯಲ್ಲಿದೆ ಅಂತ ಎಣಿಸತೊಡಗಿದರು.

ಅದೇ ವಾರ ಗಮನಿಸಿದ ಇನ್ನೊಂದು ಸಂಗತಿ ಈಗಲೂ ಚುಚ್ಚುತ್ತದೆ. ಮೂವರ ಒಂದು ತಂಡದಲ್ಲಿ ಒಬ್ಬಳು ಹುಡುಗಿ ಅಷ್ಟೂ ದಿನ ಮೌಸ್ ಮುಟ್ಟಿಯೇ ಇರಲಿಲ್ಲ. ಜಗಳ ಮಾಡುವವಳಲ್ಲ, ದೂರು ಕೊಡುವವಳಲ್ಲ. ಕೈ ಕಟ್ಟಿ ಚೆನ್ನಾಗಿ ನೋಡುತ್ತಿದ್ದಳು. ನಾನು ದಿನಾ ಅವಳ ಪಕ್ಕದಲ್ಲೇ ಓಡಾಡಿದ್ದೇನೆ. ಅವಳನ್ನು ಬೇರೆ ತಂಡಕ್ಕೆ ಹಾಕಿ, 8 ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಬೇಕು ಅಂತ ಎಲ್ಲ ತಂಡಗಳಿಗೂ ಮಾಡಿದೆ. ಬೋರ್ಡಿನ ಪಕ್ಕ ಗಡಿಯಾರ ಇಟ್ಟೆ. ಇದು ಮೊದಲ ದಿನದ ಕೆಲಸ. ಏಳನೇ ವಾರದ್ದಲ್ಲ.

ಅಂಕ ಕೊಡುವ ಹೊತ್ತು ಬಂತು. ಒಂದು ಪಟ್ಟಿ ಮಾಡಿದ್ದೆ, ಸೃಜನಶೀಲತೆಗೆ 5 ಅಂಕ. ಎಂಟು ಪ್ರಾಜೆಕ್ಟ್ ನೋಡುವಷ್ಟರಲ್ಲಿ ಅದು ಹುಸಿ ಅಂತ ಗೊತ್ತಾಯಿತು. ಬಣ್ಣ ಜಾಸ್ತಿ ಇದ್ದವರಿಗೆ 4, 5 ಹೋಗುತ್ತಿತ್ತು. ಆ 61 ಡಿಗ್ರಿಯ ಬಳೆಗೆ ನಾನು ಬರೆದಿದ್ದು 3, ಹಿನ್ನೆಲೆ ಬಿಳಿ ಇತ್ತಲ್ಲ, ಅದಕ್ಕೆ! ಪಟ್ಟಿ ಹರಿದು ಹಾಕಿದೆ. ಪ್ರತಿ ತಂಡದ ಜೊತೆ 6 ನಿಮಿಷ ಕುಳಿತು ಮೂರು ಪ್ರಶ್ನೆ ಕೇಳಿದೆ. ಮೊದಲು ಏನು ಮಾಡಬೇಕು ಅಂದುಕೊಂಡಿದ್ರಿ? ಎಲ್ಲಿ ಸಿಕ್ಕಿಕೊಂಡಿತು? ಆಗ ಏನು ಮಾಡಿದ್ರಿ? 17 ತಂಡಕ್ಕೆ 102 ನಿಮಿಷ, ಹತ್ತಿರ ಹತ್ತಿರ ಮೂರು ಪೀರಿಯಡ್. ದುಬಾರಿ, ಒಪ್ಪುತ್ತೇನೆ. ಆದರೆ ಬ್ಲಾಕ್ ಎರವಲು ತಂದವರು ಮೂರನೇ ಪ್ರಶ್ನೆಗೆ ಬಂದಾಗ ತಾವಾಗೇ ಸಿಕ್ಕಿಬೀಳುತ್ತಾರೆ. ಕೆಲಸ ಅರ್ಧಕ್ಕೆ ನಿಂತವರು ಕೆಲವೊಮ್ಮೆ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಾರೆ.

ಕೊನೆಯ ಶುಕ್ರವಾರ ಪ್ರದರ್ಶನ. ವೇದಿಕೆ, ಭಾಷಣ ಏನೂ ಬೇಡ ಅಂದೆ. ಕಂಪ್ಯೂಟರ್‌ಗಳಲ್ಲಿ ತೆರೆದಿಟ್ಟೆವು, ಆರನೇ ತರಗತಿಯವರು ಬಂದು ಆಡಿದರು. ತಂಡದವರು ಪಕ್ಕದಲ್ಲಿ ನಿಲ್ಲಬೇಕು, ಆದರೆ ಹೇಗೆ ಆಡಬೇಕೆಂದು ಹೇಳಿಕೊಡಬಾರದು. ಇದು ಅವರಿಗೆ ಬಹಳ ಕಷ್ಟವಾಯಿತು. ತಾವು ಮಾಡಿದ್ದು ಬೇರೆಯವರಿಗೆ ಅರ್ಥವಾಗದೇ ಒದ್ದಾಡುವುದನ್ನು ನೋಡುತ್ತಾ ಸುಮ್ಮನಿರುವುದು! ಮೂರು ತಂಡ ಮಧ್ಯದಲ್ಲೇ ಪ್ರೋಗ್ರಾಂ ಬಿಚ್ಚಿ ಸೂಚನೆ ಸೇರಿಸಿದವು. ಒಂದು ತಂಡದ್ದು ಕೊನೆಯವರೆಗೂ ಓಡಲಿಲ್ಲ. ಅವರ ಪರದೆಯ ಮೇಲೆ "ಇನ್ನೂ ಮುಗಿದಿಲ್ಲ, ಐಡಿಯಾ ಇದ್ದರೆ ಹೇಳಿ" ಅಂತ ಬರೆದಿಟ್ಟಿದ್ದರು, ಪಕ್ಕದಲ್ಲಿ ಒಂದು ನೋಟ್‌ಬುಕ್. ಅದರಲ್ಲಿ 11 ಸಲಹೆ ಬಿದ್ದಿದ್ದವು, ಒಂದು ಚಿತ್ರಕಲೆ ಸರ್ ಅವರದ್ದು.

ಮುಂದಿನ ಅವಧಿಗೆ ಇನ್ನೊಂದು ವಿಭಾಗ ಕೊಟ್ಟಿದ್ದಾರೆ, 40 ಮಕ್ಕಳು. ಕಂಪ್ಯೂಟರ್ ಈಗ 16. ಒಪ್ಪಿಗೆ ಪತ್ರ ಈ ಸಲ ಮೊದಲ ದಿನವೇ ಹಂಚಿದ್ದೇನೆ, ನಿನ್ನೆಯವರೆಗೆ 22 ವಾಪಸ್ ಬಂದಿವೆ. ಪಾಸ್‌ವರ್ಡ್ ಚೀಟಿಯಲ್ಲಿ ಬರೆಸಿಕೊಂಡು ಬೀರುವಿನಲ್ಲಿಟ್ಟಿದ್ದೇನೆ. ಬೀರುವಿನ ಬೀಗದ ಕೈಗೆ ಎರಡನೇ ಪ್ರತಿ ಮಾಡಿಸಬೇಕು.